ಮರಿಯಮ್ಮನಿಗೆ ಉಡಿಸಿದ ಸೀರೆ

ನಮ್ಮೂರ ಚರ್ಚು ಎಷ್ಟು ಹಳೆಯದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಅಲ್ಲಿಂದ ಬಂದವರು ಕಟ್ಟಿದ್ದು ಎನ್ನುವವರಿದ್ದಾರೆ. ಅಲ್ಲ, ಕೆ.ಆರ್.ಎಸ್. ಕಟ್ಟೆಗೆ ಕಲ್ಲು ಹೊರಲು ಬಂದವರದು ಎಂದು ವಾದಕ್ಕೆ ನಿಲ್ಲುವವರೂ ಇದ್ದಾರೆ. ಯಾರು ಕಟ್ಟಿದರೇನು, ನನಗೆ ನೆನಪಿರುವುದು ಒಳಗಿದ್ದ ಸಾಮಾನು. ತೇಗದ ಬಲಿಪೀಠ, ಮೊಣಕಾಲೂರಿ ಊರಿ ನುಣುಪಾದ ಕೆಂಪು ಗಾರೆ ನೆಲ, ಒಳಗಿದ್ದವರ ಪಾಪವನ್ನೆಲ್ಲ ಹೊರಗೆ ಕಾದವರಿಗೂ ಕೇಳಿಸುತ್ತಿದ್ದ ಪಾಪನಿವೇದನೆಯ ಗೂಡು. ಎಡಗಡೆ ಗೋಡೆಯಲ್ಲಿ, ಸೀರೆಯುಟ್ಟ ಮರದ ಮರಿಯಮ್ಮ.

ಸೀರೆ ಉಡಿಸುವ ಕೆಲಸ ನಮ್ಮಮ್ಮನದು. ಮರಿಯಮ್ಮನ ಹುಟ್ಟುಹಬ್ಬದ ಹಿಂದಿನ ಸಂಜೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮಗುವಿನೆತ್ತರದ ಆ ಮೂರ್ತಿಗೆ ಇಡೀ ಸೀರೆಯನ್ನು ಮಡಿಸಿ ಮಡಿಸಿ ಸುತ್ತುತ್ತಿದ್ದಳು. "ವಸಿ ನೆಟ್ಟಗೆ ನಿಂತ್ಕೊಳವ್ವ, ನೆರಿಗೆ ಜಾರ್ತದೆ" ಎಂದು ಮೂರ್ತಿಯನ್ನೇ ಗದರುತ್ತಿದ್ದಳು. ನನಗೆ ಹೊಟ್ಟೆಯುರಿ. ಶಾಲೆಗೆ ಹೊರಟ ನನ್ನ ಜಡೆಯನ್ನು ಹಗ್ಗ ಹೊಸೆದಂತೆ ಎಳೆದು ಹೆಣೆಯುವ ಕೈಗೆ, ಈ ಮರದ ಹೆಂಗಸಿನ ಮುಂದೆ ಅಷ್ಟು ತಾಳ್ಮೆ ಎಲ್ಲಿಂದ ಬರುತ್ತಿತ್ತೋ!

ಸೀರೆಗಳು ಹರಕೆಯವು. ತಂದುಕೊಡುವವರು ನಮ್ಮವರೇ ಆಗಬೇಕೆಂದಿರಲಿಲ್ಲ. ಕ್ಯಾತನಹಳ್ಳಿ ಕಡೆಯಿಂದ ಕಬ್ಬಿನ ಗದ್ದೆಯ ಹೆಂಗಸರೂ ಬರುತ್ತಿದ್ದರು. ಮಾರಮ್ಮನೂ ಮರಿಯಮ್ಮನೂ ಅಕ್ಕತಂಗಿಯರು ಎಂಬುದು ಅವರ ಲೆಕ್ಕ. ಮಕ್ಕಳಿಗೆ ಮೈಮೇಲೆ ಗುಳ್ಳೆಯೆದ್ದರೆ ಮೊಸರನ್ನ ತಂದು ಇಲ್ಲೂ ತಂಪು ಮಾಡುತ್ತಿದ್ದರು. ಫಾದರ್ ಮೊದಮೊದಲು ತಿದ್ದಲು ನೋಡಿದರು, ಆಮೇಲೆ ಮೊಸರನ್ನ ಉಂಡು ಸುಮ್ಮನಾದರು. ಹಬ್ಬ ಮುಗಿದ ಮೇಲೆ ಸೀರೆಯನ್ನು ಮದುವೆಗೋ ಮಗುವಿಗೋ ಬೇಡಿಕೊಂಡ ಹೆಂಗಸೊಬ್ಬಳಿಗೆ ಕೊಡುವುದು ವಾಡಿಕೆ.

ಅಮ್ಮ ತೀರಿಕೊಂಡ ವರ್ಷ ಹಬ್ಬಕ್ಕೆ ಹೋಗಲು ನನಗೆ ಮನಸ್ಸೇ ಬರಲಿಲ್ಲ. ನಾಗಮಂಗಲದಲ್ಲಿರುವ ನನ್ನಕ್ಕ ಹೋದಳು. ನನ್ನನ್ನು ಒಂದು ಮಾತೂ ಕೇಳದೆ ಅಮ್ಮನ ಮದುವೆಯ ಸೀರೆ ಕೊಂಡುಹೋಗಿ ಮೂರ್ತಿಗೆ ಉಡಿಸಿಬಿಟ್ಟಳು. ಬದನೆಕಾಯಿ ಬಣ್ಣದ ರೇಷ್ಮೆ. ಕೆ.ಆರ್. ಪೇಟೆಯಲ್ಲಿದ್ದ ನನ್ನ ಕಿವಿಗೆ ಬೀಳುವ ಹೊತ್ತಿಗೆ ಅದು ಯಾರದೋ ಮನೆ ಸೇರಿತ್ತು. ಅಕ್ಕನಿಗೆ ಬಾಯಿಗೆ ಬಂದಂತೆ ಬೈದೆ. ಅಮ್ಮನೇ ಹಾಗೆ ಹೇಳಿದ್ದಳು ಎಂದಳು. ಹೇಳಿರಬಹುದು, ನನಗೆ ಹೇಳಿರಲಿಲ್ಲವಲ್ಲ. ಯಾರಿಗೆ ಕೊಟ್ಟಿರಿ ಎಂದು ಫಾದರನ್ನು ವಿಚಾರಿಸಿದರೆ, ಕೊಟ್ಟದ್ದನ್ನು ಮತ್ತೆ ಕೇಳಬಾರದು ಮಗಳೇ ಎಂದು ಬುದ್ಧಿ ಹೇಳಿದರು. ಕೋಪ ನೆತ್ತಿಗೇರಿತು.

ಅಲ್ಲಿಂದೀಚೆಗೆ ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಹೆಂಗಸರ ಮುಖಕ್ಕಿಂತ ಮೊದಲು ಸೆರಗು ನೋಡುವ ಚಾಳಿ ಹತ್ತಿದೆ. ಅಮ್ಮನದೆಂದು ನನ್ನ ಬಳಿ ಒಂದು ಚೂರು ಬಟ್ಟೆಯೂ ಇಲ್ಲ. ಆ ಸೀರೆ ಸಿಕ್ಕರೆ ಹೊದ್ದು ಮಲಗಬೇಕು, ಮುದುರಿಕೊಂಡು, ಸಣ್ಣವಳ ಹಾಗೆ. ಅಷ್ಟೇ ಆಸೆ.

ಚರ್ಚು ಈಗ ಮೊದಲಿನದಲ್ಲ. ಗಾರೆ ಕಿತ್ತು ಜಾರುವ ಟೈಲ್ಸು ಹಾಕಿದ್ದಾರೆ. ಮರದ ಮರಿಯಮ್ಮನಿಗೆ ಗೆದ್ದಲು ಹಿಡಿಯಿತೆಂದು ಫೈಬರಿನ ಮೂರ್ತಿ ತಂದಿದ್ದಾರೆ. ನೀಲಿ ನಿಲುವಂಗಿ ಬಳಿದುಕೊಂಡೇ ಬಂದಿದ್ದಾಳೆ ಪುಣ್ಯಾತ್ಗಿತ್ತಿ, ಸೀರೆಯ ಗೊಡವೆಯೇ ಇಲ್ಲ.

ಕೋಪಕ್ಕೆ ಇಷ್ಟು ವರ್ಷ ಬಿಟ್ಟಿದ್ದ ಹಬ್ಬಕ್ಕೆ ಈ ಸಲ ಹೋದಾಗ, ಆ ಮೂರ್ತಿಯ ಮುಂದೆ ಮೇಣದ ಬತ್ತಿ ಹಚ್ಚುತ್ತಿದ್ದ ಒಬ್ಬಳ ಬೆನ್ನು ಕಂಡೆ. ಬದನೆಕಾಯಿ ಬಣ್ಣ. ಹತ್ತಿರ ಹೋದೆ. ಸೆರಗಿನಂಚಿನಲ್ಲಿ ಇಲಿ ಕಡಿದ ಕಡೆ, ಬೇರೆ ದಾರ ಸಿಗದೆ ಅಮ್ಮ ಕೆಂಪು ದಾರದಲ್ಲಿ ಹಾಕಿದ ಸೊಟ್ಟ ಹೊಲಿಗೆ.

ಪಕ್ಕದಲ್ಲಿ ಕೂತು ಮಾತಿಗೆಳೆದೆ. ಕ್ಯಾತನಹಳ್ಳಿಯವಳು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಅತ್ತೆ ಮನೆಯವರ ಚುಚ್ಚುಮಾತು ಕೇಳಿ ಕೇಳಿ ಸಾಕಾಗಿ, ಇಲ್ಲಿ ಬಂದು ಅತ್ತಳಂತೆ. ಆಗ ಈ ಸೀರೆ ಕೊಟ್ಟರಂತೆ. ಮರುವರ್ಷ ಮಗಳು ಹುಟ್ಟಿದಳು. ಹಬ್ಬಕ್ಕೆ ಬಿಟ್ಟರೆ ಇನ್ನಾವತ್ತೂ ಉಡುವುದಿಲ್ಲವಂತೆ. ಮಗು ಅವಳ ತೊಡೆಯ ಮೇಲೆ ಮಂಡಕ್ಕಿ ತಿನ್ನುತ್ತಿತ್ತು.

ಇದಕ್ಕಿಂತ ಒಳ್ಳೆಯ ರೇಷ್ಮೆ ಕೊಡಿಸುತ್ತೇನೆ, ಇದನ್ನು ನನಗೆ ಕೊಟ್ಟುಬಿಡು ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು ಬೇರೆ.

"ಈ ಸೀರೆ ನಮ್ಮಮ್ಮಂದು ಕಣವ್ವ" ಎಂದೆ.

ಅವಳು ಮೂರ್ತಿಯ ಕಡೆ ನೋಡಿ ಕೈಮುಗಿದಳು. "ನಂಗೂ ಅವ್ಳೇ ಅಮ್ಮ ಕಣಕ್ಕ. ಅಳಬ್ಯಾಡಿ, ತಕಳಿ, ಕಣ್ಗೊತ್ಕಳಿ, ನಿಮ್ಗೂ ಒಳ್ಳೇದಾಯ್ತದೆ" ಎಂದು ಸೆರಗು ಬಿಡಿಸಿ ನನ್ನ ಕೈಗಿಟ್ಟಳು.

ಮುಖ ಮುಚ್ಚುವಷ್ಟು ಸೆರಗು. ಉಸಿರೆಳೆದೆ. ಹರಳೆಣ್ಣೆ, ಮಂಡಕ್ಕಿ, ಆಲೆಮನೆಯ ಹೊಗೆ. ಇನ್ನೊಂದು ಮನೆಯ ವಾಸನೆ. ಅಮ್ಮನಿಗಾಗಿ ಹುಡುಕಿದೆ, ಸಿಗಲಿಲ್ಲ. ಆದರೂ ಬಿಡಲಾಗದೆ ಇನ್ನೂ ಬಿಗಿಯಾಗಿ ಹಿಡಿದೆ.

ಮಗು ಮಂಡಕ್ಕಿ ಚೆಲ್ಲಿ ಎದ್ದು ಬಂತು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿತು.

"ಬುಡು, ಅದು ನಮ್ಮವ್ವಂದು."

ಬಿಟ್ಟೆ.