ಉದ್ದಕ್ಕೆ ಸೀಳುತ್ತಿದ್ದ ಪೈಪು

ಕಳೆದ ವಾರ ನಮ್ಮ ಪರೀಕ್ಷಾ ಕೋಣೆಯ ಕಪಾಟು ಖಾಲಿ ಮಾಡುವಾಗ ಮೂಲೆಯಲ್ಲಿ ಕರಿ ಪೈಪಿನ ತುಂಡೊಂದು ಸಿಕ್ಕಿತು. ಚಾಕು ಹಾಕಿದಂತೆ ಉದ್ದಕ್ಕೆ ಸೀಳಿತ್ತು. ನೋಡಿದ ಕೂಡಲೇ ಮೇಡಂ ನೆನಪಾದರು...

ಸೈದಾಪುರದ ಹತ್ತಿರ, ಕಡೇಚೂರಿನಲ್ಲಿ ಹನಿ ನೀರಾವರಿ ಪೈಪಿನ ಕಾರ್ಖಾನೆ ನಮ್ಮದು. ಮೇಡಂ ಸುರಪುರದವರು, ಪ್ಲಾಸ್ಟಿಕ್ ಬಗ್ಗೆಯೇ ಓದಿ ಬಂದವರು. ಯಾದಗಿರಿಯಿಂದ ರೈಲಿನಲ್ಲಿ ಓಡಾಡುತ್ತಿದ್ದ ನಾನು ಅವರ ಕೈಕೆಳಗೆ ಕೆಲಸ ಕಲಿತೆ.

ಆ ವರ್ಷ ಹೊಲಗಳಿಂದ ಪೈಪು ಮರಳಿ ಬರತೊಡಗಿದವು. ಎಲ್ಲವೂ ಉದ್ದಕ್ಕೇ ಸೀಳಿದ್ದವು. ಮ್ಯಾನೇಜರು ಮೊದಲು ಕಚ್ಚಾ ಮಾಲನ್ನು ಬೈದರು, ಆಮೇಲೆ ರೈತರನ್ನು. ಮೇಡಂ ಮಾತ್ರ ಪೈಪಿನಿಂದ ತೆಳ್ಳನೆಯ ಪದರ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರು.

"ನೋಡವ್ವ," ಎಂದರು. "ಕರಗಿದ ಪ್ಲಾಸ್ಟಿಕ್ ಸುಮ್ಮನ ಆರಿದ್ರ ದುಂಡಗ ಹರಳುಗಟ್ಟತದ. ಜೋರಾಗಿ ಎಳದ್ರ ಅದರೊಳಗಿನ ಎಳಿ ಎಲ್ಲಾ ಎಳದ ಕಡಿಗೇ ಸಾಲಾಗಿ ನಿಂತು ಹಂಗೇ ಹರಳಾಗತಾವ. ಆಗ ಉದ್ದಕ್ಕ ಜಗ್ಗಿದ್ರ ಹರಿಯಲ್ಲ. ಆದ್ರ ಒಳಗ ನೀರಿನ ಒತ್ತಡ ಬಂತಂದ್ರ ಎರಡು ಸಾಲಿನ ನಡುವ ಸೀಳತದ."

ಪೈಪು ಎಳೆಯುವ ಯಂತ್ರದ ವೇಗ ಇಳಿಸಬೇಕು, ತಣ್ಣೀರಿಗೆ ಇಳಿಯುವ ಮೊದಲು ಆ ಎಳೆಗಳು ಸಡಿಲಾಗಲು ಚೂರು ಹೊತ್ತು ಕೊಡಬೇಕು. ಅವರು ಕೇಳಿದ್ದು ಇಷ್ಟೇ. ಇಷ್ಟಕ್ಕಾಗಿ ಎಷ್ಟು ಸಲ ಮ್ಯಾನೇಜರ ಬಾಗಿಲಲ್ಲಿ ನಿಂತರೋ...

"ಮಾಲು ಕಮ್ಮಿ ಬಿದ್ರ ಜವಾಬ್ ಕೊಡಾಂವ ನಾನ್ರಿ, ನೀವಲ್ಲ," ಎನ್ನುತ್ತಿದ್ದರು ಮ್ಯಾನೇಜರು.

ಕೊನೆಗೊಮ್ಮೆ ಒಂದು ಪಾಳಿಯ ಮಟ್ಟಿಗೆ ಒಪ್ಪಿದರು. ಅವತ್ತು ಮೇಡಂ ಊಟಕ್ಕೂ ಹೋಗದೆ ಯಂತ್ರದ ಪಕ್ಕದಲ್ಲೇ ನಿಂತಿದ್ದರು. ಬಂದ ಪೈಪಿಗೆಲ್ಲ ನೀರು ತುಂಬಿ ಒತ್ತಡ ಕೊಟ್ಟೆವು. ಒಂದೂ ಸೀಳಲಿಲ್ಲ. ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಮರುದಿನ ವಡಗೇರಾ ಕಡೆಯಿಂದ ಅವಸರದ ಬೇಡಿಕೆ ಬಂತು. ವೇಗ ಮತ್ತೆ ಮೊದಲಿನಂತಾಯಿತು. ಮೇಡಂ ಯಾರ ಜೊತೆಗೂ ಮಾತಾಡದೆ ಹೋಗಿ ಯಂತ್ರವನ್ನೇ ನಿಲ್ಲಿಸಿಬಿಟ್ಟರು. ಅದೇ ವಾರ ಅವರನ್ನು ಗೋದಾಮಿಗೆ ಹಾಕಿದರು. ಸೀಳಿ ವಾಪಸು ಬಂದ ಪೈಪುಗಳನ್ನು ಇಳಿಸಿಕೊಳ್ಳುವ ಕೆಲಸ.

"ಗೊತ್ತಿಲ್ದ ಮಾಡಿದ್ರ ನನಗ ಸಿಟ್ಟಿಲ್ಲವ್ವ," ಎಂದರು ಒಂದು ದಿನ, ಲಾರಿಯ ಪಕ್ಕದಲ್ಲಿ ನಿಂತು. "ಕಣ್ಣಿಲೆ ನೋಡ್ಯಾರ. ನೋಡಿನೂ ಮಾಡಾಕತ್ತಾರ."

ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಶಹಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಹೋದರು. ಮೊದಮೊದಲು ಫೋನು ಮಾಡುತ್ತಿದ್ದರು. "ವೇಗ ಇಳಿಸಿದ್ರೇನವ್ವ?" ಎಂದು ಕೇಳುತ್ತಿದ್ದರು. ನನ್ನದು ಯಾವಾಗಲೂ ಒಂದೇ ಉತ್ತರ. ಬರಬರುತ್ತಾ ಕೇಳುವುದನ್ನೇ ಬಿಟ್ಟರು... ಆಮೇಲೆ ಫೋನೂ ನಿಂತಿತು.

ಈಗ ಬೇರೆ ಮ್ಯಾನೇಜರು ಬಂದಿದ್ದಾರೆ. ಕಳೆದ ವಾರ ಹೊರಗಿನ ತಜ್ಞರನ್ನು ಕರೆಸಿದ್ದರು, ನಾನು ಕಪಾಟು ಖಾಲಿ ಮಾಡಿದ್ದೂ ಅವರ ಸಾಮಾನಿಗಾಗಿಯೇ. ತಜ್ಞರು ಮೇಡಂ ಹೇಳಿದ್ದನ್ನೇ ಪರದೆಯ ಮೇಲೆ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಸಂಜೆಯೊಳಗೆ ವೇಗ ಇಳಿಯಿತು. ನಾನು ಅಂಗಳಕ್ಕೆ ಬಂದು ಮೇಡಂಗೆ ಫೋನು ಹಚ್ಚಿದೆ.

ಎತ್ತಿದ್ದು ಅವರ ತಮ್ಮ. ಮೇಡಂ ಬೇಸಿಗೆಯಲ್ಲೇ ತೀರಿಕೊಂಡಿದ್ದರು.

"ಅಕ್ಕಗ ಏನರೆ ಹೇಳೂದಿತ್ತೇನ್ರಿ?" ಎಂದು ಕೇಳಿದರು.

"ಮಷೀನ್ ಸ್ಪೀಡ್ ಕಮ್ಮಿ ಮಾಡ್ಯಾರ್ರಿ," ಎಂದೆ.

"ಯಾವ ಮಷೀನ್ರಿ?" ಎಂದರು ಅವರು.