ಬ್ಲಾಗಿನವರಿಗೂ ಒಂದು ಬುಟ್ಟಿ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಕೋಲಾರದಲ್ಲಿ ಎಂ.ಎ. ಓದುತ್ತಿದ್ದೆ. ನಮ್ಮೂರು ಶ್ರೀನಿವಾಸಪುರದ ಆಚೆ, ರಾಯಲ್ಪಾಡು. ತೋಟದ ಮೊದಲ ಮಾವಿನ ಹಣ್ಣನ್ನು ಹೊರಗಿನವರಿಗೆ ಕೊಟ್ಟ ಮೇಲೆಯೇ ನಾವು ಬಾಯಿಗಿಡುವುದು ನಮ್ಮ ಮನೆಯ ಪದ್ಧತಿ. ಆ ವರ್ಷ ಅಪ್ಪ ಒಂದು ಬುಟ್ಟಿ ಬಾದಾಮಿ ಹಣ್ಣು ಕೊಟ್ಟು, "ನಿಮ್ ಮೇಡಂಗೆ ಕೊಡಮ್ಮಾ" ಅಂದರು. ಕೊಟ್ಟೆ.

ಮಾರನೆಯ ದಿನ ಕ್ಯಾಂಪಸ್ಸಿನ ಗಾಸಿಪ್ ಬ್ಲಾಗಿನಲ್ಲಿ ಅದರ ಫೋಟೊ! "ಬುಟ್ಟಿ ಹಣ್ಣಿಗೆ ಎಷ್ಟು ಇಂಟರ್ನಲ್ ಮಾರ್ಕ್ಸ್?" ಎಂದು ತಲೆಬರಹ. ಯಾರು ಯಾರ ಜೊತೆ ಕ್ಯಾಂಟೀನಿಗೆ ಹೋದರು ಎಂದೆಲ್ಲ ಬರೆಯುವ ಬ್ಲಾಗು ಅದು. ಬರೆಯುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಬೇರೆಯವರ ಸುದ್ದಿ ಓದಿ ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕವಳೇ. ಈ ಸಲ ನಗು ಬರಲಿಲ್ಲ. ನಮ್ಮ ಮೇಡಂ ಅತಿಥಿ ಉಪನ್ಯಾಸಕಿ. ವಿಭಾಗದ ಮುಖ್ಯಸ್ಥರು ಅವರನ್ನು ಕರೆದು ವಿವರಣೆ ಕೇಳಿದರಂತೆ. ನನ್ನಿಂದ ಅವರ ಕೆಲಸ ಹೋಗುತ್ತದಲ್ಲ ಎಂದು ಮನೆಗೆ ಬಂದು ಅತ್ತೆ.

ಅಪ್ಪ ಎಲ್ಲ ಕೇಳಿದರು. "ಕದ್ದುಮುಚ್ಚಿ ಒಬ್ರಿಗೆ ಕೊಟ್ರೆ ಲಂಚ ಅಂತಾರೆ. ಎಲ್ರ ಮುಂದೆ ಎಲ್ರಿಗೂ ಕೊಟ್ರೆ ಏನಂತಾರೋ ನೋಡೇ ಬಿಡೋಣ ನಡಿಯಮ್ಮಾ" ಅಂದವರು, ಮರುದಿನ ಟೆಂಪೊ ತುಂಬ ಹಣ್ಣು ಹೇರಿಕೊಂಡು ಕ್ಯಾಂಪಸ್ಸಿಗೇ ಬಂದುಬಿಟ್ಟರು! ನಾನು ನಾಚಿಕೆಯಿಂದ ಕಂಬದ ಹಿಂದೆ ನಿಂತೆ. ಮುಖ್ಯಸ್ಥರಿಂದ ವಾಚ್‌ಮನ್‌ವರೆಗೆ ಎಲ್ಲರಿಗೂ ಹಂಚುತ್ತ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ತೊಟ್ಟು ಮುರ್ದು ನೀರಲ್ಲಿ ಹಾಕಿ ಸಾರ್, ಸೊನೆ ಹೋಗ್ಲಿ. ಇಲ್ಲಾಂದ್ರೆ ಬಾಯಿ ಸುಡುತ್ತೆ."

ಹೊರಡುವಾಗ ಒಂದು ಬುಟ್ಟಿಯನ್ನು ಲೈಬ್ರರಿಯ ಮೆಟ್ಟಿಲ ಮೇಲಿಟ್ಟು, "ಬ್ಲಾಗಿನೋರಿಗೆ" ಎಂದು ಚೀಟಿ ಬರೆಸಿದರು. "ಯಾಕಪ್ಪಾ?" ಅಂತ ರೇಗಿದೆ. "ಅವ್ರೂ ಹೊರಗಿನೋರೇ ತಾನೆ?" ಅಂದರು. ಸಂಜೆಯ ಹೊತ್ತಿಗೆ ಬುಟ್ಟಿ ಮಾಯ.

ಎರಡು ದಿನದ ಮೇಲೆ ನನ್ನ ಪಕ್ಕದಲ್ಲೇ ಕೂರುವ ಮಾಲೂರಿನ ಸಿಂಧು ಬಾಯಿಗೆ ಕರ್ಚೀಫು ಒತ್ತಿಕೊಂಡು ಬಂದಳು. ಅಪ್ಪ ಬಂದ ದಿನ ಅವಳು ತಲೆನೋವೆಂದು ತರಗತಿಗೇ ಬಂದಿರಲಿಲ್ಲ. ಕರ್ಚೀಫು ಎಳೆದು ನೋಡಿದೆ. ತುಟಿಯಂಚಿನಲ್ಲಿ ಕಪ್ಪಗೆ ಸುಟ್ಟ ಗಾಯ! ಮಾವಿನ ಊರವಳಿಗೆ ಅದು ಸೊನೆಯ ಗಾಯವೆಂದು ಬೇರೆ ಹೇಳಬೇಕೆ?

"ಯಾವಾಗ ತಿಂದೆ ಹಣ್ಣು?" ಅಂದೆ.

"ತಮಾಷೆಗೆ ಬರ್ದೆ ಕಣೇ, ಇಷ್ಟಾಗುತ್ತೆ ಅನ್ಕೊಂಡಿರ್ಲಿಲ್ಲ" ಎಂದು ಅಳತೊಡಗಿದಳು. "ಅವತ್ತು ಸಂಜೆ ಲೈಬ್ರರಿಗೆ ಬಂದಾಗ ಚೀಟಿ ನೋಡ್ದೆ. ಬುಟ್ಟಿ ಎತ್ಕೊಂಡ್ ಹೋಗಿ ಬಸ್ಸಲ್ಲೇ ಮೂರು ತಿಂದ್ಬಿಟ್ಟೆ."

ಅವಳನ್ನು ಬೈಯಬೇಕೆಂದು ಬಾಯಿ ತೆರೆದರೆ ನಗು ಬಂತು. ಅವಳೂ ಅಳುತ್ತಲೇ ನಕ್ಕಳು. ಆಮೇಲೆ ಅದೇ ಸುಟ್ಟ ತುಟಿಯಲ್ಲಿ ಮುಖ್ಯಸ್ಥರ ಮುಂದೆ ನಿಂತು ತಪ್ಪೊಪ್ಪಿಕೊಂಡಳು. ಬ್ಲಾಗಿನಲ್ಲಿ ತನ್ನ ಹೆಸರು ಹಾಕಿಯೇ ಕ್ಷಮೆ ಕೇಳಿದಳು. ಮೇಡಂ ಈಗಲೂ ಅಲ್ಲೇ ಪಾಠ ಮಾಡುತ್ತಿದ್ದಾರೆ.

ಸಿಂಧು ಇವತ್ತಿಗೂ ನನ್ನ ಗೆಳತಿ. ಯಾರದಾದರೂ ಬಿಸಿ ಬಿಸಿ ಸುದ್ದಿ ಮೊಬೈಲಿಗೆ ಬಂದು ನಾನು ಮುಂದಕ್ಕೆ ಕಳಿಸಲು ಹೊರಟರೆ ಅವಳೇ ತಡೆಯುತ್ತಾಳೆ: "ಲೇ, ಮೊದ್ಲು ನೀರಲ್ಲಿ ಹಾಕೇ, ಸೊನೆ ಹೋಗ್ಲಿ!"