ಸುಂಕ ತೆತ್ತ ಕತ್ತಲೆ

ಕತ್ರಿಗುಪ್ಪೆಯ ನಮ್ಮ ಮನೆ ಬಾಗಿಲಲ್ಲಿ ಕೊರಿಯರ್‌ನವರು ಚಾಚಿದ ಪೆಟ್ಟಿಗೆಯ ಮೇಲೆ ‘ತೆರೆದು ಪರಿಶೀಲಿಸಲಾಗಿದೆ’ ಎಂಬ ಪಟ್ಟಿ ಕಂಡೊಡನೆ ನಾನು ಮುಂದೆ ಮಾಡಿದ ಕೈ ಹಿಂದಕ್ಕೆಳೆದುಕೊಂಡೆ.

“ಯಾಕ್ರೀ ಮೇಡಂ, ಒಳಗ ಬಾಂಬ್ ಏನಿಲ್ಲಲ್ಲ?” ಎಂದು ನಕ್ಕ ಅವರು, “ಮೊದ್ಲ ಕಸ್ಟಮ್ಸ್ ಡ್ಯೂಟಿ ಕಟ್ರಿ, ಆಮ್ಯಾಲ ಬಿಚ್ರಿ” ಎಂದರು.

ಒಳಗಿದ್ದುದು ಕ್ಯಾಮೆರಾಗೆ ಹಾಕುವ ನೂರು ಅಡಿ ಕಪ್ಪು-ಬಿಳುಪು ಫಿಲ್ಮ್. ಆಮದು ಸುಂಕದಿಂದ ಬಿಡಿ ರೋಲುಗಳು ಕೈಗೆಟುಕದಂತಾದ ಮೇಲೆ, ನಾವು ನಾಲ್ವರು ಗೆಳತಿಯರು ಇಂಥ ದೊಡ್ಡ ಸುರುಳಿಯನ್ನು ಒಟ್ಟಾಗಿ ವಿದೇಶದಿಂದ ತರಿಸಿ, ಕತ್ತಲೆಯಲ್ಲಿ ಬೆರಳಂದಾಜಿನಲ್ಲೇ ಕತ್ತರಿಸಿ ಹಂಚಿಕೊಳ್ಳುತ್ತೇವೆ. ಬೆಳಕು ತಾಗಿದರೆ ಅದು ಸತ್ತಂತೆ. ಸುಂಕ ಕಟ್ಟಿ ಪೆಟ್ಟಿಗೆ ಬಿಚ್ಚಿದೆ. ‘ಬೆಳಕಿನಲ್ಲಿ ತೆರೆಯಬೇಡಿ’ ಎಂದು ಫಿಲ್ಮ್ ಡಬ್ಬಿಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಅದರ ಮುದ್ರೆ ಒಡೆದಿತ್ತು.

ಡಬ್ಬಿಯನ್ನು ಒಳಗೊಯ್ದೆ. ಬಚ್ಚಲುಮನೆಯ ಬಾಗಿಲ ಸಂದಿಗೆ ಕಂಬಳಿ ತುರುಕಿ, ಫಿಲ್ಮಿನ ಹೊರತುದಿಯಿಂದ ಗೇಣುದ್ದ ಕತ್ತರಿಸಿ ರಾಸಾಯನಿಕದಲ್ಲಿ ತೊಳೆದೆ. ಬೆಳಕು ತಾಗದಿದ್ದರೆ ಅದು ಪಾರದರ್ಶಕವಾಗಿರಬೇಕಿತ್ತು. ಎತ್ತಿ ಹಿಡಿದರೆ ಕಡುಗಪ್ಪು; ಬೆಳಕು ಅದನ್ನು ಮೊದಲೇ ತಿಂದಿತ್ತು. ಒಳಸುತ್ತುಗಳು ಉಳಿದಿವೆಯೇ ಎಂಬುದು ಚಿತ್ರ ತೆಗೆದು ತೊಳೆಯುವವರೆಗೆ ತಿಳಿಯದು.

ಕಸ್ಟಮ್ಸ್‌ಗೆ ಕಳಿಸಿದ ನನ್ನ ದೂರಿಗೆ ಉತ್ತರ ಬಂದಿಲ್ಲ. ಸುಂಕದ ರಸೀದಿಯಲ್ಲಿ ನನ್ನ ಹೆಸರು, ವಿಳಾಸ ಎಲ್ಲವೂ ಇವೆ. ಡಬ್ಬಿ ತೆರೆದವರ ಹೆಸರಿಗೆ ಜಾಗವೇ ಇಲ್ಲ. ಹಾಗಾದರೆ ಯಾರು ಹೊಣೆ? ಈಗ ಆ ಉಳಿದ ಫಿಲ್ಮ್ ತುಂಬಿದ ಕ್ಯಾಮೆರಾದ ಗುಂಡಿ ಒತ್ತುವಾಗಲೆಲ್ಲ, ಎದುರಿಗೆ ನಗುತ್ತಿರುವವರ ಮುಖ ಒಳಗೆ ಆಗಲೇ ಕಪ್ಪಾಗಿದೆಯೇನೋ ಎಂದು ಹೆದರುತ್ತೇನೆ.